ಗಾಳಿ ಬೆನ್ನಿಗಿರಲಿ: ಎಂಗಡೀನ್ ಕಣಿವೆಯ ಸರೋವರಗಳಿಗೆ ನಿಮ್ಮ ಪಾಡಿಗೆ ನೀವು ಹೋಗುವುದು ಹೇಗೆ

ಊರಿಂದ ಸ್ವಿಟ್ಜರ್‌ಲೆಂಡಿಗೆ ಬರುವ ನೆಂಟರು ಕೇಳುವ ಬೆಟ್ಟದ ಹೆಸರು ಎರಡೇ: ಟಿಟ್ಲಿಸ್, ಯುಂಗ್‌ಫ್ರಾವ್. ಹೋಗಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಮೂರು ದಿನ ಎಂಗಡೀನ್ ಕಣಿವೆಗೆ ಎತ್ತಿಡಿ ಅಂತ ನಾನು ಎಲ್ಲರಿಗೂ ಪಟ್ಟು ಹಿಡಿದು ಹೇಳುತ್ತೇನೆ. ದೇಶದ ಆಗ್ನೇಯ ಮೂಲೆ, ಇಟಲಿಯ ಗಡಿ ಪಕ್ಕ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿ ಹೆಚ್ಚುಕಡಿಮೆ ಸಮತಟ್ಟಾದ ಅಗಲ ಕಣಿವೆ. ಅದರ ತಳದಲ್ಲಿ ಒಂದರ ಹಿಂದೊಂದು ನಾಲ್ಕು ಸರೋವರ: ಸಿಲ್ಸ್, ಸಿಲ್ವಾಪ್ಲಾನಾ, ಚಾಂಫೇರ್, ಸೇಂಟ್ ಮೊರಿಟ್ಜ್. ಬೆಟ್ಟದ ಮಗ್ಗುಲಲ್ಲಿ, ಕಾಡಿನೊಳಗೆ ಇನ್ನೂ ಹಲವು ಸಣ್ಣವು. ಇಲ್ಲಿಗೆ ಗೈಡ್ ಬೇಡ, ಕಾರು ಬೇಡ, ಪ್ಯಾಕೇಜೂ ಬೇಡ. ನಡೆಯುವ ಮನಸ್ಸು, ಬಸ್ಸಿನ ವೇಳೆ, ಗಾಳಿ ಯಾವ ಹೊತ್ತಿಗೆ ಏಳುತ್ತದೆ ಅನ್ನುವ ತಿಳಿವಳಿಕೆ, ಇಷ್ಟಿದ್ದರೆ ಸಾಕು.

ಗಾಳಿಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ತಿರುಗಾಟದ ದಿಕ್ಕು ನಿರ್ಧಾರವಾಗುವುದು ಅದರಿಂದಲೇ. ಬೆಟ್ಟದ ಕಣಿವೆಗಳಲ್ಲಿ ಹಗಲು ಹೊತ್ತು ಗಾಳಿ ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದೆ. ಎಂಗಡೀನ್‌ನ ಈ ಭಾಗದಲ್ಲಿ ಅದು ಉಲ್ಟಾ. ಕಣಿವೆಯ ಮೇಲ್ತುದಿಯಾದ ಮಾಲೋಯಾದಲ್ಲಿ ಅಡ್ಡ ನಿಲ್ಲುವ ಬೆಟ್ಟವೇ ಇಲ್ಲ. 1,815 ಮೀಟರ್ ಎತ್ತರದ ಆ ಘಟ್ಟದ ತಲೆಯಲ್ಲಿ ನೆಲ ಮುಗಿದು, ಆಚೆಗೆ ಬ್ರೆಗಾಲ್ಯಾ ಕಣಿವೆಗೆ ಕಡಿದಾಗಿ ಇಳಿದುಬಿಡುತ್ತದೆ. ಬಿಸಿಲು ಏರಿದಂತೆ ಬ್ರೆಗಾಲ್ಯಾದಲ್ಲಿ ಕಾದ ಗಾಳಿ ಮೇಲೆದ್ದು, ಆ ತೆರೆದ ಬಾಯಿ ದಾಟಿ, ಸರೋವರಗಳ ಉದ್ದಕ್ಕೂ ಸೇಂಟ್ ಮೊರಿಟ್ಜ್ ಕಡೆಗೆ ನುಗ್ಗುತ್ತದೆ. ಬೇಸಿಗೆಯ ಬಿಸಿಲಿನ ದಿನ ಹನ್ನೊಂದು, ಹನ್ನೆರಡರ ಹೊತ್ತಿಗೆ ಶುರುವಾದರೆ ಇಳಿಯುವುದು ಸಂಜೆಗೇ. ಮಾಲೋಯಾ ಗಾಳಿ ಅಂತಲೇ ಅದಕ್ಕೆ ಹೆಸರು.

ಹಾಗಾಗಿ ನೀರಿನಲ್ಲಿ ಬೆಟ್ಟದ ಬಿಂಬ ನೋಡುವ ಆಸೆ ಇದ್ದರೆ ಬೆಳಗ್ಗೆ ಒಂಬತ್ತರೊಳಗೆ ದಡದಲ್ಲಿರಿ. ಮಧ್ಯಾಹ್ನ ಹೋದರೆ ಅಲೆ ಕಾಣುತ್ತದೆ, ಬಿಂಬ ಕಾಣುವುದಿಲ್ಲ. ಇನ್ನು ನಡಿಗೆ ಯಾವಾಗಲೂ ಮಾಲೋಯಾದಿಂದ ಸೇಂಟ್ ಮೊರಿಟ್ಜ್ ಕಡೆಗೆ ಇರಲಿ. ರೈಲು ಬಂದು ನಿಲ್ಲುವುದು ಸೇಂಟ್ ಮೊರಿಟ್ಜ್‌ನಲ್ಲಿ, ಅಲ್ಲಿಂದಲೇ ಶುರುಮಾಡೋಣ ಅನಿಸುವುದು ಸಹಜ. ಮಾಡಬೇಡಿ. ಬಸ್ಸಿನಲ್ಲಿ ಮೇಲ್ತುದಿಗೆ ಹೋಗಿ ಅಲ್ಲಿಂದ ಇಳಿಯುತ್ತ ಬಂದರೆ ಗಾಳಿ ಬೆನ್ನಿಗೆ ಇರುತ್ತದೆ, ಈ ಸರೋವರಗಳನ್ನು ಹಾದು ಹೋಗುವ ಇನ್ ನದಿ ಹರಿಯುವ ದಿಕ್ಕೂ ಅದೇ. ಸಿಲ್ಸ್ ಸರೋವರ 1,797 ಮೀಟರ್, ಸಿಲ್ವಾಪ್ಲಾನಾ ಮತ್ತು ಚಾಂಫೇರ್ 1,791, ಸೇಂಟ್ ಮೊರಿಟ್ಜ್ 1,768. ಇಳಿಜಾರು ಕಾಲಿಗೆ ಗೊತ್ತೇ ಆಗದಷ್ಟು ಕಡಿಮೆ.

ಹೋಗುವುದು, ತಂಗುವುದು

ಜೂರಿಕ್‌ನಿಂದ ಕೂರ್‌ವರೆಗೆ ಒಂದು ರೈಲು, ಅಲ್ಲಿ ಇಳಿದು ರೇಷಿಯನ್ ರೈಲ್ವೆಯ ಕೆಂಪು ರೈಲು. ಎಲ್ಲ ಸೇರಿ ಮೂರೂವರೆ ಗಂಟೆಯೊಳಗೆ ಸೇಂಟ್ ಮೊರಿಟ್ಜ್. ದಾರಿಯಲ್ಲಿ ಸಿಗುವ ತೂಸಿಸ್ ಊರಿನಿಂದ ಮುಂದಿನ ಹಳಿ 2008ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ದುಬಾರಿ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹೋಗುವುದೂ ಇದೇ ಹಳಿಯ ಮೇಲೆ. ಮಾಮೂಲಿ ರೈಲಿಗೆ ಸೀಟು ಕಾಯ್ದಿರಿಸುವ ಹೆಚ್ಚುವರಿ ದುಡ್ಡಿಲ್ಲ, ಕಿಟಕಿಯಿಂದ ಕಾಣುವುದು ಮಾತ್ರ ಅದೇ ಬೆಟ್ಟ, ಅದೇ ಸೇತುವೆ. ಕೂರ್‌ನಲ್ಲಿ ಹತ್ತುವಾಗ ಬಲಗಡೆ ಕಿಟಕಿ ಹಿಡಿಯಿರಿ. 65 ಮೀಟರ್ ಎತ್ತರದ ಲಾಂಡ್‌ವಾಸರ್ ಸೇತುವೆಯ ಮೇಲೆ ರೈಲು ಬಾಗಿ, ಎದುರಿನ ಬಂಡೆಗೋಡೆಯ ಸುರಂಗದೊಳಗೆ ನೇರ ನುಗ್ಗುವಾಗ ನಿಮ್ಮದೇ ರೈಲಿನ ಮುಂದಿನ ಬೋಗಿಗಳು ಕಾಣುತ್ತವೆ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲಿಗೂ, ಕಣಿವೆಯ ಹಳದಿ ಪೋಸ್ಟ್ ಬಸ್ಸಿಗೂ ಬೇರೆ ಟಿಕೆಟ್ ಬೇಡ. ಬಸ್ಸು, ರೈಲಿನ ಹೊತ್ತಿಗೆಲ್ಲ ಸ್ವಿಸ್ ರೈಲ್ವೆಯ ಎಸ್‌ಬಿಬಿ ಆ್ಯಪ್ ಒಂದೇ ಸಾಕು.

ಜೂರಿಕ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ನೀವು ತಲುಪುವ ಹೊತ್ತಿಗೆ ಗಾಳಿ ಎದ್ದಿರುತ್ತದೆ, ತಿಳಿಯಾದ ಬೆಳಗು ನಿಮಗೆ ಸಿಗುವುದೇ ಇಲ್ಲ. ತಂಗುವುದಕ್ಕೆ ನಾನು ಹೇಳುವುದು ಸಿಲ್ಸ್ ಮರಿಯಾ. ಎರಡು ದೊಡ್ಡ ಸರೋವರಗಳ ನಡುವಿನ ಊರು, ಎರಡೂ ದಡಕ್ಕೆ ನಡೆದೇ ಹೋಗಬಹುದು. ಕೈ ಬಿಗಿಯಿದ್ದರೆ ಮಾಲೋಯಾದಲ್ಲಿ, ಸೇಂಟ್ ಮೊರಿಟ್ಜ್‌ನ ಬಾಡ್ ಬಡಾವಣೆಯಲ್ಲಿ ಯೂತ್ ಹಾಸ್ಟೆಲ್‌ಗಳಿವೆ. ಕುಟುಂಬಕ್ಕೆ ಬೇರೆ ಕೋಣೆಯನ್ನೂ ಕೊಡುತ್ತಾರೆ. ಸೇಂಟ್ ಮೊರಿಟ್ಜ್ ಊರಿನ ಒಳಗೆ ಬಾಡಿಗೆಯೂ ಜಾಸ್ತಿ, ನೋಟವೂ ಕಟ್ಟಡಗಳದ್ದೇ. ಒಂದಕ್ಕಿಂತ ಹೆಚ್ಚು ರಾತ್ರಿ ಉಳಿದರೆ ಕೇಬಲ್ ಕಾರು ಉಚಿತವಾಗಿಯೋ ರಿಯಾಯಿತಿಯಲ್ಲೋ ಕೊಡುವ ಹೋಟೆಲುಗಳಿವೆ. ಕೋಣೆ ಗೊತ್ತುಮಾಡುವಾಗಲೇ ಕೇಳಿ ನೋಡಿ, ನಾಲ್ಕು ಜನರ ಸಂಸಾರಕ್ಕೆ ದೊಡ್ಡ ಉಳಿತಾಯ.

ಕಾಲ: ಜೂನ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ. ಜೂನ್ ಮೊದಲಲ್ಲಿ ಮೇಲಿನ ದಾರಿಗಳಲ್ಲಿ ಇನ್ನೂ ಹಿಮ ಇರುತ್ತದೆ. ಏಪ್ರಿಲ್, ಮೇ ಮತ್ತು ನವೆಂಬರ್‌ನಲ್ಲಿ ಬಹಳಷ್ಟು ಹೋಟೆಲು, ಕೇಬಲ್ ಕಾರು ಬಾಗಿಲು ಹಾಕಿರುತ್ತವೆ. ಒಂದೇ ಸಲ ಹೋಗುವವರಾದರೆ ಅಕ್ಟೋಬರ್ ಮೊದಲರ್ಧ ಆರಿಸಿಕೊಳ್ಳಿ. ಇಲ್ಲಿನ ಲಾರ್ಚ್ ಮರ ಸೂಜಿಯೆಲೆಯದಾದರೂ ಎಲೆ ಉದುರಿಸುವ ಜಾತಿ. ಉದುರಿಸುವ ಮುಂಚೆ ಇಡೀ ಕಾಡು ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಆಗಸ್ಟ್‌ನಲ್ಲೂ ಬೆಳಗ್ಗೆ ಐದಾರು ಡಿಗ್ರಿ ಇರಬಹುದು, ಹತ್ತು ಗಂಟೆಗೆ ಸ್ವೆಟರ್ ಬಿಚ್ಚಬೇಕಾಗಬಹುದು. ಒಂದು ದಪ್ಪ ಜಾಕೆಟ್ಟಿನ ಬದಲು ಎರಡು ತೆಳು ಪದರ ಮತ್ತು ಗಾಳಿ ತಡೆಯುವ ಒಂದು ಮೇಲಂಗಿ ಒಯ್ಯಿರಿ. ಬಿಸಿಲು ಚುರುಕು, ಸನ್‌ಸ್ಕ್ರೀನ್ ಮರೆಯಬೇಡಿ.

ಮೊದಲ ದಿನ: ಮಾಲೋಯಾದಿಂದ ಸಿಲ್ಸ್

ಸಿಲ್ಸ್‌ನಿಂದ ಬೆಳಗಿನ ಬಸ್ಸು ಹಿಡಿದು ಮಾಲೋಯಾಕ್ಕೆ. ಇಳಿದ ಕೂಡಲೇ ಸರೋವರದ ಕಡೆ ಓಡಬೇಡಿ, ಎದುರು ದಿಕ್ಕಿನಲ್ಲಿ ಐದು ನಿಮಿಷ ನಡೆದು ಘಟ್ಟದ ಅಂಚಿಗೆ ಹೋಗಿ. ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಬ್ರೆಗಾಲ್ಯಾಕ್ಕೆ ಇಳಿಯುವುದು ಅಲ್ಲಿಂದ ಕಾಣುತ್ತದೆ. ಗಾಳಿ ಎಲ್ಲಿಂದ ಬರುತ್ತದೆ ಅನ್ನುವುದು ಅಲ್ಲಿ ನಿಂತರೆ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಆ ಕಡೆಯಿಂದ ಉದ್ದನೆಯ ಮೋಡವೊಂದು ಬೆಟ್ಟದ ಸೊಂಟಕ್ಕೆ ಸುತ್ತಿಕೊಂಡು ತೆವಳುತ್ತ ಕಣಿವೆಯೊಳಗೆ ಬರುತ್ತಿದ್ದರೆ, ದಕ್ಷಿಣದ ತೇವದ ಗಾಳಿ ಬಂದಿದೆ ಎಂದು ತಿಳಿಯಿರಿ. ಇಲ್ಲಿಯವರು ಅದನ್ನು ಮಾಲೋಯಾ ಹಾವು ಅನ್ನುತ್ತಾರೆ, ಹವೆ ಕೆಡುವ ಸೂಚನೆ ಅಂತ ಎಣಿಸುತ್ತಾರೆ. ಅಂಥ ದಿನ ಎತ್ತರದ ದಾರಿ ಬಿಟ್ಟು ದಡದ ದಾರಿ ಹಿಡಿಯಿರಿ.

ಸಿಲ್ಸ್ ಸರೋವರಕ್ಕೆ ಎರಡು ದಡ. ಉತ್ತರ ದಡದಲ್ಲಿ ವಾಹನಗಳ ಹೆದ್ದಾರಿ. ದಕ್ಷಿಣ ದಡದಲ್ಲಿ ಇಸೋಲಾ ಎಂಬ ಪುಟ್ಟ ಹಳ್ಳಿ ಬಿಟ್ಟರೆ ಕಾಡು, ಹುಲ್ಲುಗಾವಲು ಮತ್ತು ಕಾಲುದಾರಿ. ನೀವು ಹಿಡಿಯಬೇಕಾದ್ದು ದಕ್ಷಿಣ ದಡ. ಮಾಲೋಯಾದಿಂದ ಇಸೋಲಾಕ್ಕೆ ಮುಕ್ಕಾಲು ಗಂಟೆ, ಅಲ್ಲಿಂದ ಸಿಲ್ಸ್‌ಗೆ ಇನ್ನೊಂದು ಗಂಟೆಯ ಮೇಲೆ. ದಾರಿಗಂಬದ ಹಳದಿ ಹಲಗೆಗಳಲ್ಲಿ ದೂರದ ಬದಲು ನಡಿಗೆಯ ಹೊತ್ತು ಬರೆದಿರುತ್ತದೆ. ಅದು ಎಲ್ಲೂ ಕೂರದೆ, ಫೋಟೋ ತೆಗೆಯದೆ, ಒಂದೇ ಸಮ ನಡೆದರೆ ಹಿಡಿಯುವ ಹೊತ್ತು. ಊರಿಂದ ಬಂದ ಅತ್ತೆ-ಮಾವನ ಜೊತೆ ಹೊರಟಾಗ ನಾನು ಅದಕ್ಕೆ ಅರ್ಧದಷ್ಟು ಸೇರಿಸಿಕೊಳ್ಳುತ್ತೇನೆ. ಬರೀ ಹಳದಿ ಗುರುತಿನ ದಾರಿಗೆ ಒಳ್ಳೆಯ ಹಿಡಿತದ ಶೂ ಸಾಕು. ಬಿಳಿ-ಕೆಂಪು-ಬಿಳಿ ಪಟ್ಟೆ ಕಂಡರೆ ಬೆಟ್ಟದ ದಾರಿ, ಗಟ್ಟಿ ಬೂಟು ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಅದು ಪಳಗಿದವರಿಗೆ, ತಿರುಗಿ ಬನ್ನಿ.

ಇಸೋಲಾ ಇರುವುದು ಫೆದೋಜ್ ಕಣಿವೆಯಿಂದ ಬರುವ ಹಳ್ಳ ತಂದು ಹಾಕಿದ ಮಣ್ಣಿನ ಮೇಲೆ. ಇಡೀ ಕಣಿವೆಯ ಗುಟ್ಟು ಇಲ್ಲೇ ತಿಳಿಯುತ್ತದೆ. ಒಂದು ಕಾಲಕ್ಕೆ ಮೇಲಿನ ಮೂರು ಸರೋವರಗಳು ಬೇರೆಬೇರೆ ಇರಲಿಲ್ಲ. ಅಕ್ಕಪಕ್ಕದ ಕಣಿವೆಗಳ ಹಳ್ಳಗಳು ಸಾವಿರಾರು ವರ್ಷ ಕಲ್ಲು-ಮಣ್ಣು ತಂದು ಸುರಿದು, ಒಂದೇ ನೀರನ್ನು ತುಂಡು ಮಾಡಿದವು. ನೀವು ಮಲಗುವ ಸಿಲ್ಸ್ ಬಯಲು ಅಂಥ ಒಂದು ಒಡ್ಡು, ನಾಳೆ ದಾಟುವ ಸಿಲ್ವಾಪ್ಲಾನಾ ಊರು ಇನ್ನೊಂದು.

ಜೊತೆಗಿದ್ದವರಿಗೆ ಇಸೋಲಾದಲ್ಲೇ ಕಾಲು ಸೋತರೆ ದೋಣಿ ಇದೆ. ಬೇಸಿಗೆಯಲ್ಲಿ, ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ, ಸಿಲ್ಸ್ ಮತ್ತು ಮಾಲೋಯಾ ನಡುವೆ ಒಂದು ಸಣ್ಣ ಮೋಟಾರು ದೋಣಿ ಓಡಾಡುತ್ತದೆ. 1907ರಲ್ಲಿ ಶುರುವಾದದ್ದು. ವೇಳಾಪಟ್ಟಿ ಇಟ್ಟುಕೊಂಡು ಓಡುವ ದೋಣಿಗಳಲ್ಲಿ ಯುರೋಪಿನಲ್ಲೇ ಅತಿ ಎತ್ತರದ್ದು ಇದು. ದಿನಕ್ಕೆ ಕೆಲವೇ ಸಲ ಬರುವುದರಿಂದ ಬೆಳಗ್ಗೆ ಹೊರಡುವ ಮುಂಚೆ ಅದರ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಸಿಲ್ಸ್ ಹತ್ತಿರವಾಗುತ್ತಿದ್ದಂತೆ ಎಡಕ್ಕೆ ಚಾಸ್ತೆ ಎಂಬ ಕಾಡು ತುಂಬಿದ ನೆಲದ ನಾಲಿಗೆ ಸರೋವರದೊಳಕ್ಕೆ ಚಾಚಿದೆ. ತಪ್ಪದೆ ಒಳಗೆ ಹೋಗಿ. ತುದಿಯವರೆಗೆ ಹೋಗಿ ಸುತ್ತಿ ಬರಲು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ತತ್ತ್ವಜ್ಞಾನಿ ನೀಚೆ 1881ರಲ್ಲಿ, ಆಮೇಲೆ 1883ರಿಂದ 1888ರವರೆಗೆ ಪ್ರತಿ ಬೇಸಿಗೆ ಸಿಲ್ಸ್ ಮರಿಯಾದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಇರುತ್ತಿದ್ದ. ಈ ನೆಲ ಅವನಿಗೆ ಬಹಳ ಇಷ್ಟದ್ದಾಗಿತ್ತು. ಅವನ ಸಾಲುಗಳನ್ನು ಕೆತ್ತಿದ ಬಂಡೆ ತುದಿಯಲ್ಲಿದೆ, ಅವನಿದ್ದ ಮನೆ ಈಗ ಊರೊಳಗೆ ಮ್ಯೂಸಿಯಂ.

ಇಲ್ಲಿ ನಿಧಾನವಾಗಿ ನೋಡಬೇಕಾದ ಇನ್ನೊಂದಿದೆ. ಶರತ್ಕಾಲದಲ್ಲಿ ಸಿಲ್ಸ್ ಕಡೆಯ ಆಳವಿಲ್ಲದ ದಡದಲ್ಲಿ ನೀರಿನೊಳಗೆ ಕಣ್ಣಾಡಿಸಿ. ಉದುರಿದ ಲಾರ್ಚ್ ಎಲೆಗಳನ್ನು ಅಲೆ ಹಿಂದೆ ಮುಂದೆ ಉರುಳಿಸಿ ಉರುಳಿಸಿ ಉಂಡೆ ಕಟ್ಟಿರುತ್ತದೆ. ಕೆಲವು ನೆಲ್ಲಿಕಾಯಿಯಷ್ಟು, ಕೆಲವು ಮುಷ್ಟಿಯಷ್ಟು, ಅದಕ್ಕೂ ದೊಡ್ಡವೂ ಆಗುತ್ತವೆ. ಮೇಲ್ಮೈ ಪೂರ್ತಿ ಸೂಜಿಯೆಲೆ ಒಂದರೊಳಗೊಂದು ಹೆಣೆದುಕೊಂಡದ್ದು, ಅಂಟು ಇಲ್ಲ, ದಾರ ಇಲ್ಲ. ಮಾಲೋಯಾ ಗಾಳಿ ಎಬ್ಬಿಸುವ ಅಲೆಯ ಕೆಲಸ ಇದು. ಸಿಲ್ಸ್ ಉಂಡೆ ಅಂತ ಊರಿಗೆಲ್ಲ ಪರಿಚಯ. ಕೈಗೆತ್ತಿಕೊಂಡು ನೋಡಿ, ತಿರುಗಿ ನೀರಿಗೇ ಬಿಡಿ.

ಈ ಸರೋವರ ಇವತ್ತು ಹೀಗಿರುವುದಕ್ಕೆ ಒಂದು ಚಾಕೊಲೇಟೂ ಕಾರಣ. ಜಲವಿದ್ಯುತ್ತಿಗಾಗಿ ಇದನ್ನು ಬಳಸಿಕೊಳ್ಳುವ ಯೋಜನೆ ಬಂದಿತ್ತು. ಉಳಿಸಿಕೊಳ್ಳಲು ದುಡ್ಡು ಬೇಕಾದಾಗ, 1946ರಲ್ಲಿ ಚಿನ್ನದ ಬಣ್ಣದ ಕಾಗದ ಸುತ್ತಿದ ನಾಣ್ಯದಾಕಾರದ ಚಾಕೊಲೇಟನ್ನು ದೇಶದ ತುಂಬ ಮಾರಿ ಹಣ ಕೂಡಿಸಿದರು. ಶಾಲೆಯ ಮಕ್ಕಳು ಅದನ್ನು ಈಗಲೂ ಮಾರುತ್ತಾರೆ. ನನ್ನ ಮನೆ ಬಾಗಿಲಿಗೆ ಬಂದ ಮಕ್ಕಳಿಂದ ನಾನು ಕೊಳ್ಳದೆ ಕಳಿಸಿದ್ದಿಲ್ಲ.

ಎರಡನೆಯ ದಿನ: ಬಣ್ಣ ಬದಲಾಗುವ ನೀರು

ಸಿಲ್ಸ್‌ನಿಂದ ಬೆಳಗ್ಗೆ ಸಿಲ್ವಾಪ್ಲಾನಾ ಸರೋವರದ ಬಲದಂಡೆಯ ದಾರಿ ಹಿಡಿದರೆ ಒಂದೂವರೆ ಗಂಟೆಗೆ ಸುರ್ಲೇಯ್ ಹಳ್ಳಿ. ನಿನ್ನೆ ನೋಡಿದ ನೀರು ಕಡುನೀಲಿ, ಇಲ್ಲಿ ಬೇಸಿಗೆಯಲ್ಲಿ ಹಾಲು ಬೆರೆಸಿದಂಥ ಹಸಿರು-ನೀಲಿ. ಒಂದೇ ನದಿ ಎರಡನ್ನೂ ಹಾದು ಹೋಗುವಾಗ ಬಣ್ಣ ಯಾಕೆ ಬೇರೆ? ಫೆಕ್ಸ್ ಕಣಿವೆಯ ಹಿಮನದಿಯಿಂದ ಬರುವ ಹೊಳೆ ಸೇರುವುದು ಸಿಲ್ವಾಪ್ಲಾನಾ ಸರೋವರಕ್ಕೆ. ಹಿಮನದಿ ಬಂಡೆಯನ್ನು ಅರೆದು ಮಾಡಿದ ನುಣುಪು ಪುಡಿ ಅದರ ಜೊತೆ ಬಂದು, ತಳ ಮುಟ್ಟದೆ ನೀರಿನಲ್ಲೇ ತೇಲುತ್ತ ಬೆಳಕನ್ನು ಚದುರಿಸುತ್ತದೆ. ಸುರ್ಲೇಯ್ ಹತ್ತಿರ ದಡದಲ್ಲೇ ಒಂದು ಗೋಪುರದಾಕಾರದ ಬಂಡೆ. 1881ರ ಆಗಸ್ಟಿನಲ್ಲಿ ನೀಚೆಗೆ ಅವನ ದೊಡ್ಡ ಯೋಚನೆಯೊಂದು ಹೊಳೆದದ್ದು ಇಲ್ಲಿ ನಿಂತಾಗ ಎಂದು ಅವನೇ ಬರೆದಿದ್ದಾನೆ.

ಮಧ್ಯಾಹ್ನ ಹನ್ನೆರಡಕ್ಕೆ ನೀವು ಸಿಲ್ವಾಪ್ಲಾನಾದಲ್ಲಿದ್ದರೆ ಒಳ್ಳೆಯದು. ಗಾಳಿ ಏಳುವುದನ್ನು ಕಣ್ಣಾರೆ ನೋಡುವ ಜಾಗ ಅದು. ಹನ್ನೊಂದಕ್ಕೆ ಬರಿದಾಗಿದ್ದ ನೀರಿನ ಮೇಲೆ ಒಂದು ಗಂಟೆಯೊಳಗೆ ಬಣ್ಣಬಣ್ಣದ ಪಟ ಹಿಡಿದು ಹಲಗೆಯ ಮೇಲೆ ಹಾರುವ ಹುಡುಗರು ತುಂಬಿಕೊಳ್ಳುತ್ತಾರೆ. ಅವರ ದಿನವೂ ಗಾಳಿಯ ಲೆಕ್ಕದ ಮೇಲೆಯೇ.

ಅಲ್ಲಿಂದ ಚಾಂಫೇರ್ ಸರೋವರದ ಪಕ್ಕ ಕಾಡಿನೊಳಗೆ ಸೇಂಟ್ ಮೊರಿಟ್ಜ್ ಬಾಡ್‌ಗೆ ಒಂದೂವರೆ ಗಂಟೆಯ ದಾರಿ. ಹಾದಿಯಲ್ಲಿ ಲೇಯ್ ನೈರ್, ಲೇಯ್ ಮಾರ್ಶ್ ಎಂಬ ಎರಡು ಪುಟ್ಟ ಕೊಳಗಳು ಸಿಗುತ್ತವೆ. ದೊಡ್ಡ ಸರೋವರಗಳು ಆಗಸ್ಟ್‌ನಲ್ಲೂ ಕೊರೆಯುತ್ತವೆ. ಈಜುವವರು ಲೇಯ್ ಮಾರ್ಶ್‌ನಲ್ಲೋ, ಸೇಂಟ್ ಮೊರಿಟ್ಜ್ ಆಚೆಯ ಸ್ಟಾಜ್ ಕೊಳದಲ್ಲೋ ಇಳಿಯಿರಿ. ಸೇಂಟ್ ಮೊರಿಟ್ಜ್ ಸರೋವರದ ಸುತ್ತು ಒಂದು ಗಂಟೆ, ಹೊತ್ತಿದ್ದರೆ ಮಾಡಿ, ಇಲ್ಲದಿದ್ದರೆ ಚಿಂತೆಯಿಲ್ಲ. ಅದರ ಬದಲು ಬಸ್ಸಿನಲ್ಲಿ ಪುಂಟ್ ಮುರಾಲ್‌ಗೆ ಹೋಗಿ, 1907ರಿಂದ ಓಡುತ್ತಿರುವ ಹಗ್ಗದ ರೈಲು ಹತ್ತಿ ಮುವೊಟ್ಟಾಸ್ ಮುರಾಲ್ ಬೆಟ್ಟ ತಲುಪಿ. ನಡೆದು ಬಂದ ಸರೋವರಗಳಷ್ಟೂ ಒಂದೇ ಸಾಲಿನಲ್ಲಿ ಕಾಣುವುದು ಅಲ್ಲಿಂದ. ನಡೆಯುವ ಮುಂಚೆ ಹೋಗುವುದಕ್ಕಿಂತ ನಡೆದ ಮೇಲೆ ಹೋದರೆ ನೋಟಕ್ಕೆ ಅರ್ಥ ಹೆಚ್ಚು.

ಮೂರನೆಯ ದಿನ ಕಾಲಿಗೆ ತಕ್ಕ ಹಾಗೆ

ಗಟ್ಟಿ ಕಾಲಿದ್ದವರು ಮಾಲೋಯಾದಿಂದ ಲುಂಗಿನ್ ಕೊಳಕ್ಕೆ ಹತ್ತಿ. ಎತ್ತರ 2,484 ಮೀಟರ್, ಸುಮಾರು ಎರಡು ಗಂಟೆಯ ಏರು. ಇನ್ ನದಿ ಹುಟ್ಟುವುದು ಇಲ್ಲಿ. ಕೊಳದ ತುದಿಯಲ್ಲಿ ಒಂದು ಹೆಜ್ಜೆಗೆ ದಾಟಬಹುದಾದ ಆ ನೀರು 517 ಕಿಲೋಮೀಟರ್ ಹರಿದು ಪಾಸೌನಲ್ಲಿ ಡ್ಯಾನ್ಯೂಬ್ ಸೇರುತ್ತದೆ. ಇನ್ನೂ ಅರ್ಧ ಗಂಟೆ ಮೇಲಕ್ಕೆ, 2,645 ಮೀಟರ್ ಎತ್ತರದ ಲುಂಗಿನ್ ಕಣಿವೆದಾರಿಯಲ್ಲಿ ಬಿದ್ದ ಮಳೆ ಮೂರು ದಿಕ್ಕಿಗೆ ಹಂಚಿಹೋಗುತ್ತದೆ: ಇನ್ ಮೂಲಕ ಕಪ್ಪು ಸಮುದ್ರಕ್ಕೆ, ರೈನ್ ಮೂಲಕ ಉತ್ತರ ಸಮುದ್ರಕ್ಕೆ, ಪೋ ಮೂಲಕ ಏಡ್ರಿಯಾಟಿಕ್‌ಗೆ. ನೀರಿನ ಬಗ್ಗೆ ಪ್ರೀತಿ ಇರುವವರು ಯುರೋಪಿನಲ್ಲಿ ಹತ್ತಲೇಬೇಕಾದ ಜಾಗ ಇದು ಅಂತ ನನ್ನ ಅಭಿಪ್ರಾಯ. ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನದ ಗುಡುಗಿಗೆ ಮುಂಚೆ ಇಳಿದಿರಿ.

ಮಧ್ಯಮ ನಡಿಗೆಯವರಿಗೆ ಸಿಲ್ಸ್‌ನಿಂದ ಫುರ್ಚೆಲಾಸ್ ಕೇಬಲ್ ಕಾರು, ಮೇಲೆ ಆರು ಪುಟ್ಟ ಕೊಳಗಳನ್ನು ಸುತ್ತುವ ದಾರಿ. ಮೊಮ್ಮಕ್ಕಳು, ಅಜ್ಜ-ಅಜ್ಜಿ ಜೊತೆಗಿದ್ದರೆ ಮಾಲೋಯಾದಿಂದ ಕಾವ್ಲೋಕ್ ಕೊಳ. ಒಂದು ಗಂಟೆಯ ಹಗುರ ಏರು, ಅರ್ಧ ಗಂಟೆಯಲ್ಲಿ ಕೊಳಕ್ಕೆ ಒಂದು ಸುತ್ತು. ದಾರಿಯಲ್ಲಿ ದನಗಳಿರುತ್ತವೆ. ನಮ್ಮೂರ ಅಭ್ಯಾಸದಂತೆ ಕರುವಿನ ಮೈ ಸವರಲು ಹೋಗಬೇಡಿ, ಇಲ್ಲಿನ ತಾಯಿಹಸು ಹಾಯುತ್ತದೆ. ಬೇಲಿಯ ಗೇಟು ತೆಗೆದರೆ ಹಾಕಿಯೇ ಮುಂದೆ ಹೋಗಿ.

ಊಟದ ಮಾತು. ಸಸ್ಯಾಹಾರಿಗಳಿಗೆ ಈ ಕಡೆಯ ಪಿಜ್ಜೋಕೆರಿ ಒಳ್ಳೆಯದು: ಹುರುಳಿಗೋಧಿಯ ಪಟ್ಟಿ, ಆಲೂಗೆಡ್ಡೆ, ಎಲೆಕೋಸು, ಚೀಸ್. ಬಾರ್ಲಿ ಸೂಪು, ಕಾಪುನ್ಸ್ ಎಂಬ ಎಲೆಯ ಸುರುಳಿ ನೋಡಲು ಸಸ್ಯಾಹಾರ ಅನಿಸಿದರೂ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ. ತುರಿದ ಆಲೂಗೆಡ್ಡೆಯ ರೋಸ್ಟಿಯಲ್ಲೂ ಕೆಲವೊಮ್ಮೆ ಹಾಕುತ್ತಾರೆ, ಕೇಳಿಯೇ ತರಿಸಿ. ಎಂಗಡೀನ್‌ನ ಅಕ್ರೋಟು ಕಡುಬಿನ ಒಂದು ತುಂಡು ಎರಡು ಗಂಟೆ ನಡೆಸುತ್ತದೆ. ಮೊಟ್ಟೆ ತಿನ್ನದವರು ಮಾತ್ರ ಹಿಟ್ಟಿನ ಬಗ್ಗೆ ವಿಚಾರಿಸಿ. ನಾವು ಚೀಲದಲ್ಲಿ ಚಪಾತಿ, ಚಟ್ನಿಪುಡಿ ಇಟ್ಟುಕೊಂಡೇ ಹೊರಡುವುದು. ದಡದ ಬೆಂಚಿನ ಮೇಲೆ ಬಿಚ್ಚಿ ತಿನ್ನಲು ಯಾರ ಅಡ್ಡಿಯೂ ಇಲ್ಲ, ಕಾಗದ-ಪ್ಲಾಸ್ಟಿಕ್ ತಿರುಗಿ ಚೀಲಕ್ಕೆ. ಊರ ತೊಟ್ಟಿಗಳ ನಲ್ಲಿ ನೀರನ್ನು ಕುಡಿಯಬಾರದು ಎಂಬ ಹಲಗೆ ಇಲ್ಲದಿದ್ದರೆ ಕುಡಿಯಬಹುದು, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ.

ಫೋನಿನಲ್ಲಿ ಸ್ವಿಸ್‌ಟೋಪೋ ನಕ್ಷೆಯನ್ನು ಮುಂಚೆಯೇ ಇಳಿಸಿಕೊಳ್ಳಿ, ಹವೆಗೆ ಮೀಟಿಯೋಸ್ವಿಸ್. ಬೆಟ್ಟದಲ್ಲಿ ಅಪಾಯವಾದರೆ ಹೆಲಿಕಾಪ್ಟರ್ ನೆರವಿನ ರೇಗಾ ಸಂಖ್ಯೆ 1414, ಸಾಮಾನ್ಯ ತುರ್ತಿಗೆ 112. ಭಾರತದಿಂದ ಬರುವವರು ಪ್ರಯಾಣ ವಿಮೆಯಲ್ಲಿ ಬೆಟ್ಟದಿಂದ ಎತ್ತಿ ತರುವ ಖರ್ಚು ಸೇರಿದೆಯೇ ಎಂದು ಮೊದಲೇ ಓದಿ ನೋಡಿ.

ಪೂರ್ತಿ ಮಳೆಯ ದಿನ ಬಂದರೆ ಸೇಂಟ್ ಮೊರಿಟ್ಜ್‌ನ ಸೆಗಾಂಟೀನಿ ಮ್ಯೂಸಿಯಂ. ಚಿತ್ರಕಾರ ಸೆಗಾಂಟೀನಿ ಕೊನೆಯ ಐದು ವರ್ಷ ಇದ್ದದ್ದು ಮಾಲೋಯಾದಲ್ಲಿ. 1899ರಲ್ಲಿ ಬೆಟ್ಟದ ಮೇಲೆ ಚಿತ್ರ ಬರೆಯುತ್ತಿದ್ದಾಗಲೇ ಕಾಯಿಲೆ ಬಿದ್ದು ತೀರಿಕೊಂಡ. ಅವನು ಆಗ ಬರೆಯುತ್ತಿದ್ದ ಮೂರು ದೊಡ್ಡ ಚಿತ್ರಗಳು ಗುಮ್ಮಟದ ಕೆಳಗಿವೆ. ಬಣ್ಣವನ್ನು ಎಳೆಎಳೆಯಾಗಿ ಪಕ್ಕಪಕ್ಕ ಇಟ್ಟು ಈ ಎತ್ತರದ ಬೆಳಕನ್ನು ಹಿಡಿದ ರೀತಿಯನ್ನು ಹತ್ತಿರ ನಿಂತು ಒಮ್ಮೆ, ದೂರ ನಿಂತು ಒಮ್ಮೆ ನೋಡಿ.

ಚಳಿಗಾಲದಲ್ಲಿ ಬರುವವರಿಗೆ ಬೇರೆಯೇ ಲೆಕ್ಕ. ಸರೋವರಗಳೆಲ್ಲ ಹೆಪ್ಪುಗಟ್ಟುತ್ತವೆ, ಫೆಬ್ರವರಿಯಲ್ಲಿ ಸೇಂಟ್ ಮೊರಿಟ್ಜ್‌ನ ಮಂಜುಗಡ್ಡೆಯ ಮೇಲೆ ಕುದುರೆ ಓಟವೇ ನಡೆಯುತ್ತದೆ. ಆದರೆ ನದಿ ಒಳಬರುವ, ಹೊರಹೋಗುವ ಬಾಯಿಗಳಲ್ಲಿ ಗಡ್ಡೆ ತೆಳು, ಮೇಲೆ ಹಿಮ ಬಿದ್ದರೆ ಅದು ಕಣ್ಣಿಗೆ ಕಾಣುವುದೂ ಇಲ್ಲ. ಊರಿನವರು ಗುರುತು ಹಾಕಿ ತೆರೆದ ದಾರಿಯಲ್ಲಿ ಮಾತ್ರ ಕಾಲಿಡಿ, ಮುಚ್ಚಿದೆ ಎಂಬ ಹಲಗೆ ಇದ್ದರೆ ಮುಂದೆ ಯಾರದೋ ಹೆಜ್ಜೆಗುರುತು ಕಂಡರೂ ದಡದಲ್ಲೇ ಉಳಿಯಿರಿ.